‘ಹತ್ತು ಸಾವಿರಕ್ಕೆ ಕಡಿಮೆ ಒಪ್ಪಲ್ಲ’ ಅಂದರೆ ‘ಕೊಡುತ್ತೇನೆ’ ಅಂದ ಹಾಗಾಯಿತೇ?

ಮಡಿಕೇರಿಯಲ್ಲಿ ಮಾರ್ವನ್ ಲಾಡ್ಜ್ ಎಂಬ ಬಂಗಲೆಯಿತ್ತು. ಮಾಲೀಕರು ದೂರದಲ್ಲಿದ್ದರು, ಇಲ್ಲಿನ ವ್ಯವಹಾರವನ್ನು ಅವರ ಪ್ರತಿನಿಧಿ ನೋಡಿಕೊಳ್ಳುತ್ತಿದ್ದರು. ಬಂಗಲೆ ಕೊಳ್ಳಬೇಕೆಂದಿದ್ದವರು ಆರು ಸಾವಿರ ರೂಪಾಯಿ ಕೊಡುತ್ತೇನೆಂದರು. ಪ್ರತಿನಿಧಿ ತಂತಿ ಕಳಿಸಿ ಕೇಳಿದಾಗ ಮಾಲೀಕರಿಂದ ಬಂದ ಉತ್ತರ ಚಿಕ್ಕದು: ಹತ್ತು ಸಾವಿರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ. ಕೊಳ್ಳುವವರು ‘ಸರಿ, ಹತ್ತು ಸಾವಿರಕ್ಕೆ ನನ್ನ ಒಪ್ಪಿಗೆ’ ಎಂದು ಬರೆದುಕೊಟ್ಟರು. ವ್ಯಾಪಾರ ಕುದುರಿತು ಎಂದೇ ಅವರ ನಂಬಿಕೆ. ಆದರೆ ಬಂಗಲೆ ಹೆಚ್ಚಿನ ಬೆಲೆಗೆ ಬೇರೊಬ್ಬರ ಪಾಲಾಯಿತು.

ಈ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1951ರಲ್ಲಿ ‘ಮ್ಯಾಕ್‌ಫರ್ಸನ್ ವಿರುದ್ಧ ಅಪ್ಪಣ್ಣ’ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ್ದಿಷ್ಟು: ಕರಾರು ಆಗಿಯೇ ಇಲ್ಲ. ಮಾಲೀಕರು ‘ಹತ್ತು ಸಾವಿರಕ್ಕೆ ಮಾರುತ್ತೇನೆ’ ಎಂದು ಎಲ್ಲೂ ಹೇಳಿರಲಿಲ್ಲ. ಅದಕ್ಕಿಂತ ಕೆಳಗಿನ ಮಾತು ಬೇಡ ಎಂದಿದ್ದರು, ಅಷ್ಟೇ. ಹತ್ತು ಸಾವಿರದ ಮಾತನ್ನು ಮೊದಲು ಮುಂದಿಟ್ಟವರು ಕೊಳ್ಳುವವರೇ ಆದರು, ಅದನ್ನು ಒಪ್ಪುವುದೋ ಬಿಡುವುದೋ ಮಾಲೀಕರ ಇಷ್ಟವಾಗಿತ್ತು. ಇಂಥದ್ದೇ ತೀರ್ಮಾನ ಅದಕ್ಕೂ ಮೊದಲು, 1893ರಲ್ಲಿ, ಜಮೈಕಾದ ಒಂದು ಜಮೀನಿನ ವಿಷಯದಲ್ಲಿ, ಆಗ ಬ್ರಿಟಿಷ್ ವಸಾಹತುಗಳ ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್‌ನಿಂದ ಬಂದಿತ್ತು. ‘ಮಾರುತ್ತೀರಾ? ಕನಿಷ್ಠ ಬೆಲೆ ತಿಳಿಸಿ’ ಎಂಬ ತಂತಿಗೆ ‘ಕನಿಷ್ಠ ಬೆಲೆ 900 ಪೌಂಡ್’ ಎಂದು ಮಾತ್ರ ಉತ್ತರ ಹೋಗಿತ್ತು. ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಸಿಕ್ಕಿತ್ತು, ‘ಮಾರುತ್ತೀರಾ’ ಎಂಬುದಕ್ಕೆ ಸಿಕ್ಕಿರಲಿಲ್ಲ.

ಇವತ್ತಿಗೂ ಸೈಟು, ಕಾರು, ಅಡಿಕೆ, ಬಾಡಿಗೆ ಮನೆ ಯಾವುದೇ ಇರಲಿ, ‘ಮಾತು ಕೊಟ್ಟು ತಪ್ಪಿದರು’ ಎಂಬ ಜಗಳಗಳಲ್ಲಿ ಬಹಳಷ್ಟು ಈ ಒಂದು ಗಂಟಿನಲ್ಲೇ ಸಿಕ್ಕಿಕೊಂಡಿರುತ್ತವೆ. ಅವರು ಆಡಿದ ಮಾತು ಕಾನೂನಿನ ಕಣ್ಣಿಗೆ ‘ಪ್ರಸ್ತಾವ’ವೇ ಆಗಿತ್ತೇ? ಇದನ್ನು ಕೇಳದೆ ಎಲ್ಲರೂ ನೇರವಾಗಿ ‘ಮೋಸ’ದ ಬಾಗಿಲಿಗೇ ಹೋಗುತ್ತಾರೆ.

ಪ್ರಸ್ತಾವ ಎಂದರೆ ಏನು

ನಮ್ಮ ಕರಾರು ಕಾಯ್ದೆ 1872ರದು, ಆ ವರ್ಷ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ನಾವು ಆಫರ್ ಎನ್ನುವುದನ್ನೇ ಅದರ 2ನೇ ಸೆಕ್ಷನ್ ಪ್ರಸ್ತಾವ ಎನ್ನುತ್ತದೆ. ಒಂದು ಕೆಲಸ ಮಾಡಲು ಅಥವಾ ಮಾಡದೇ ಇರಲು ತಾನು ಸಿದ್ಧ ಎಂಬುದನ್ನು, ಎದುರಿನವರ ಒಪ್ಪಿಗೆ ಪಡೆಯುವ ಉದ್ದೇಶದಿಂದ ತಿಳಿಸಿದರೆ ಅದು ಪ್ರಸ್ತಾವ. ಎದುರಿನವರು ಒಪ್ಪಿದರೆ ಅದು ವಾಗ್ದಾನ, ಪರಸ್ಪರ ಪ್ರತಿಫಲವಿದ್ದರೆ (ಒಬ್ಬರ ಮಾತಿಗೆ ಬದಲಾಗಿ ಇನ್ನೊಬ್ಬರು ಕೊಡುವ ಹಣ, ವಸ್ತು, ಕೆಲಸ ಅಥವಾ ಮಾತು) ಒಪ್ಪಂದ, ಆ ಒಪ್ಪಂದವನ್ನು ನ್ಯಾಯಾಲಯ ಜಾರಿ ಮಾಡಿಸುವಂತಿದ್ದರೆ ಕರಾರು. ಮೊದಲ ಮೆಟ್ಟಿಲೇ ಇಲ್ಲದಿದ್ದರೆ ಮೇಲಿನದ್ಯಾವುದೂ ನಿಲ್ಲುವುದಿಲ್ಲ.

ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ನಿಮಗೆ ಬಂದ ಮಾತಿಗೆ ‘ಆಯಿತು’ ಎಂಬ ಒಂದೇ ಉತ್ತರ ಕೊಟ್ಟು ನೋಡಿ. ಆಮೇಲೂ ಎದುರಿನವರು ಯೋಚಿಸಬೇಕಾದ, ತೀರ್ಮಾನಿಸಬೇಕಾದ ವಿಷಯ ಉಳಿದಿದ್ದರೆ ಅದು ಪ್ರಸ್ತಾವವಲ್ಲ. ‘ನನ್ನ ಸ್ಕೂಟರ್ ನಲವತ್ತೈದು ಸಾವಿರಕ್ಕೆ ಕೊಡ್ತೀನಿ, ತಗೋತೀರಾ?’ ಎಂದಾಗ ‘ಆಯಿತು’ ಎಂದರೆ ವ್ಯಾಪಾರ ಮುಗಿಯಿತು. ‘ನಲವತ್ತೈದು ಬಂದ್ರೆ ಕೊಡೋಣ ಅಂತಿದ್ದೀನಿ’ ಎಂದಾಗ ‘ಆಯಿತು’ ಎಂದರೆ ಏನೂ ಆಗಲಿಲ್ಲ. ಮನಸ್ಸಿನಲ್ಲಿರುವುದನ್ನು ಹೇಳುವುದು ಬೇರೆ, ಮಾತಿಗೆ ಕಟ್ಟುಬೀಳುವುದು ಬೇರೆ.

ಮಾತೇ ಆಗಬೇಕೆಂದಿಲ್ಲ, ನಡವಳಿಕೆಯೂ ಸಾಕು ಎಂದು 3 ಮತ್ತು 9ನೇ ಸೆಕ್ಷನ್‌ಗಳು ಹೇಳುತ್ತವೆ. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಕಟ್ಟುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಅಕ್ಷರ ಬಾಯಿಂದ ಬರುವುದಿಲ್ಲ, ಸುತ್ತ ನಿಂತವರಿಗೆ ಬೆಲೆ ಗೊತ್ತಾಗುವುದಿಲ್ಲ, ಆದರೂ ಇಬ್ಬರ ನಡುವೆ ಪ್ರಸ್ತಾವ, ಮರುಪ್ರಸ್ತಾವ, ಒಪ್ಪಿಗೆ ಎಲ್ಲ ನಡೆದುಹೋಗುತ್ತದೆ. ಸಿಟಿ ಬಸ್ಸು ಹತ್ತಿ ಕೂರುವುದೂ ಹೀಗೆಯೇ. ‘ದರ ಕೊಡುತ್ತೇನೆ’ ಎಂದು ಯಾರೂ ಹೇಳುವುದಿಲ್ಲ, ಹತ್ತಿದ್ದೇ ಮಾತು.

ಆದರೆ ಮಾತು ಖಚಿತವಾಗಿರಬೇಕು. 29ನೇ ಸೆಕ್ಷನ್ ಕೊಡುವ ಉದಾಹರಣೆ ಬಹಳ ಚೆನ್ನಾಗಿದೆ. ‘ನೂರು ಟನ್ ಎಣ್ಣೆ ಮಾರುತ್ತೇನೆ’ ಎಂಬ ಒಪ್ಪಂದ ಅನೂರ್ಜಿತ, ಯಾವ ಎಣ್ಣೆ ಎಂದು ಗೊತ್ತಿಲ್ಲ. ಅದೇ ಮಾತನ್ನು ಕೊಬ್ಬರಿ ಎಣ್ಣೆಯೊಂದನ್ನೇ ಮಾರುವ ವ್ಯಾಪಾರಿ ಆಡಿದರೆ ಅದು ಊರ್ಜಿತ, ಅವನ ಕಸುಬೇ ಅರ್ಥವನ್ನು ತುಂಬಿಕೊಡುತ್ತದೆ. ‘ಬಿಳಿ ಕುದುರೆಯನ್ನು ಐನೂರು ಅಥವಾ ಸಾವಿರ ರೂಪಾಯಿಗೆ ಕೊಡುತ್ತೇನೆ’ ಎಂಬುದೂ ನಿಲ್ಲುವುದಿಲ್ಲ. ಯಾವ ಬೆಲೆಗೆ ಎಂದು ನ್ಯಾಯಾಧೀಶರು ಚೀಟಿ ಎತ್ತಲಾಗುವುದಿಲ್ಲವಲ್ಲ.

ಅಂಗಡಿಯ ಬೆಲೆ ಚೀಟಿ, ಮೊಬೈಲಿನ ‘ಆರ್ಡರ್’ ಗುಂಡಿ

ಗಾಜಿನ ಹಿಂದೆ ಸೀರೆಯಿಟ್ಟು ಮೇಲೆ ‘₹1,200’ ಎಂದು ಚೀಟಿ ಅಂಟಿಸಿದ್ದಾರೆ. ಒಳಗೆ ಹೋಗಿ ದುಡ್ಡು ಮುಂದಿಟ್ಟರೆ ಕೊಡಲೇಬೇಕೇ? ಕರಾರು ಕಾನೂನಿನ ಮಟ್ಟಿಗೆ, ಬೇಕಿಲ್ಲ. ಪ್ರದರ್ಶನಕ್ಕಿಟ್ಟ ವಸ್ತು ‘ಬಂದು ಕೇಳಿ’ ಎಂಬ ಕರೆ. ದುಡ್ಡು ಮುಂದಿಟ್ಟಾಗ ಪ್ರಸ್ತಾವ ಮಾಡುತ್ತಿರುವವರು ಗಿರಾಕಿ, ಒಪ್ಪುವವರು ಅಂಗಡಿಯವರು. ಇಂಗ್ಲೆಂಡಿನಲ್ಲಿ 1953ರ ಬೂಟ್ಸ್ ಔಷಧ ಅಂಗಡಿಯ ಮೊಕದ್ದಮೆ ಇದನ್ನು ಗಟ್ಟಿ ಮಾಡಿತು. ಗಿರಾಕಿಯೇ ಕಪಾಟಿನಿಂದ ಔಷಧ ತೆಗೆದು ಬುಟ್ಟಿಗೆ ಹಾಕಿಕೊಂಡರೆ ಅಲ್ಲಿಗೇ ಮಾರಾಟ ಆಗಿಬಿಟ್ಟಿತೇ ಎಂಬುದು ಪ್ರಶ್ನೆ. ಇಲ್ಲ, ಗಲ್ಲಾದ ಬಳಿ ಅಂಗಡಿಯವರು ಹಣ ಒಪ್ಪಿಕೊಂಡಾಗ ಎಂದಿತು ನ್ಯಾಯಾಲಯ. ಈ ನಿಯಮಕ್ಕೆ ಕಾರಣವಿದೆ. ಬುಟ್ಟಿಗೆ ಹಾಕಿದ್ದೇ ಒಪ್ಪಿಗೆಯಾದರೆ ಗಿರಾಕಿಗೆ ಮನಸ್ಸು ಬದಲಿಸಿ ಸಾಬೂನನ್ನು ವಾಪಸ್ ಕಪಾಟಿಗಿಡುವ ಹಕ್ಕೂ ಇರುವುದಿಲ್ಲ. ಇತ್ತ, ಇರುವುದು ಹತ್ತೇ ಸೀರೆಯಾಗಿ ನೂರು ಜನ ‘ಒಪ್ಪಿದೆ’ ಎಂದು ಬಂದರೆ ವ್ಯಾಪಾರಿ ತೊಂಬತ್ತು ಜನರಿಗೆ ನಷ್ಟ ಕಟ್ಟಿಕೊಡಬೇಕಾದೀತು.

ಆನ್‌ಲೈನ್ ತಾಣಗಳೂ ಇದೇ ತತ್ವದ ಮೇಲೆ ನಿಂತಿವೆ. ಬಹುತೇಕ ತಾಣಗಳ ಷರತ್ತುಗಳಲ್ಲಿ ‘ನಿಮ್ಮ ಆರ್ಡರ್ ಒಂದು ಪ್ರಸ್ತಾವ, ಸರಕು ರವಾನೆಯಾದಾಗ ನಮ್ಮ ಒಪ್ಪಿಗೆ’ ಎಂಬ ಅರ್ಥದ ಸಾಲು ಇರುತ್ತದೆ. ತಪ್ಪಾಗಿ ಕಡಿಮೆ ಬೆಲೆ ನಮೂದಾದ ಟಿವಿಯನ್ನು ಆರ್ಡರ್ ಮಾಡಿದವರಿಗೆ ‘ಆರ್ಡರ್ ರದ್ದಾಗಿದೆ, ಹಣ ವಾಪಸ್’ ಎಂಬ ಸಂದೇಶ ಬರುವುದು ಆ ಸಾಲಿನ ಬಲದಿಂದ. ಬೇಕೆಂದೇ ಸುಳ್ಳು ಬೆಲೆ ತೋರಿಸಿ ಜನರನ್ನು ಸೆಳೆದಿದ್ದರೆ ಮಾತು ಬೇರೆ. ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತು, ಅದಕ್ಕೆ ಪರಿಹಾರ ಆ ಕಾಯ್ದೆಯಲ್ಲೇ ಹುಡುಕಬೇಕು. ‘ಕರಾರು ಮುರಿದರು’ ಎಂದು ಹೋದರೆ ಕಾಲಡಿ ನೆಲ ಗಟ್ಟಿಯಿರುವುದಿಲ್ಲ.

ಜಾಹೀರಾತು ಯಾವಾಗಲೂ ಕರೆಯೇ, ಪ್ರಸ್ತಾವವಲ್ಲ ಎಂದೂ ತಿಳಿಯಬಾರದು. ಲಂಡನ್ನಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ ತನ್ನ ಉಪಕರಣವನ್ನು ದಿನಕ್ಕೆ ಮೂರು ಸಲದಂತೆ ಎರಡು ವಾರ ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡ್ ಕೊಡುವುದಾಗಿ ಪ್ರಕಟಿಸಿತ್ತು. ತಾನು ಗಂಭೀರವಾಗಿ ಹೇಳುತ್ತಿದ್ದೇನೆ ಎಂದು ತೋರಿಸಲು 1,000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿರುವುದಾಗಿಯೂ ಬರೆದಿತ್ತು. ಬಳಸಿಯೂ ಜ್ವರ ಬಂದ ಮಹಿಳೆಗೆ ಹಣ ಕೊಡಬೇಕೆಂದು 1892ರಲ್ಲಿ ತೀರ್ಪಾಯಿತು. ಬ್ಯಾಂಕಿನಲ್ಲಿಟ್ಟ ಆ ಸಾವಿರ ಪೌಂಡೇ ಕಂಪನಿಯನ್ನು ಸಿಕ್ಕಿಸಿತು, ‘ಜಾಹೀರಾತಿನ ಉತ್ಪ್ರೇಕ್ಷೆ’ ಎಂದು ನುಣುಚಿಕೊಳ್ಳುವಂತಿರಲಿಲ್ಲ. ನಮ್ಮ 8ನೇ ಸೆಕ್ಷನ್ ಪ್ರಕಾರವೂ ಪ್ರಸ್ತಾವದಲ್ಲಿನ ಷರತ್ತನ್ನು ನೆರವೇರಿಸಿದರೆ ಅದೇ ಒಪ್ಪಿಗೆ, ಮತ್ತೆ ಪತ್ರ ಬರೆದು ತಿಳಿಸಬೇಕಿಲ್ಲ.

‘ಕಳೆದುಹೋದ ನಾಯಿಯನ್ನು ಹುಡುಕಿಕೊಟ್ಟವರಿಗೆ ಐದು ಸಾವಿರ ಬಹುಮಾನ’ ಎಂಬ ಪೋಸ್ಟರ್ ಈ ಜಾತಿಯದು. ಇಲ್ಲೊಂದು ಷರತ್ತಿದೆ: ಬಹುಮಾನದ ವಿಷಯ ಗೊತ್ತಿದ್ದೇ ಹುಡುಕಿರಬೇಕು. 1913ರ ‘ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್’ ಪ್ರಕರಣದಲ್ಲಿ ಕಾನ್ಪುರದ ಯಜಮಾನರ ಸೋದರಳಿಯ ಮನೆಬಿಟ್ಟು ಹೋಗಿದ್ದ. ಹುಡುಕಲು ಗುಮಾಸ್ತರನ್ನು ಹರಿದ್ವಾರದ ಕಡೆ ಕಳಿಸಿದ ಮೇಲೆ ಯಜಮಾನರು 501 ರೂಪಾಯಿ ಬಹುಮಾನ ಸಾರಿದರು. ಗುಮಾಸ್ತರು ರಿಷಿಕೇಶದಲ್ಲಿ ಹುಡುಗನನ್ನು ಪತ್ತೆ ಹಚ್ಚಿದಾಗ ಅವರಿಗೆ ಆ ಕರಪತ್ರದ ಸುದ್ದಿಯೇ ಇರಲಿಲ್ಲ. ಅಲಹಾಬಾದ್ ಹೈಕೋರ್ಟ್ ಹಣ ಕೊಡಿಸಲಿಲ್ಲ. ಗೊತ್ತೇ ಇಲ್ಲದ ಪ್ರಸ್ತಾವವನ್ನು ಒಪ್ಪುವುದು ಹೇಗೆ? ಅಷ್ಟು ದೂರ ಅಲೆದು ಹುಡುಕಿದವರ ಪಾಲಿಗೆ ಇದು ಕಠಿಣವಾದ ಫಲ, ಆದರೂ ತತ್ವ ಸರಿಯಾಗಿದೆ.

ಚೌಕಾಸಿಯೊಳಗಿನ ಕಾನೂನು

ಸಂತೆಯಲ್ಲಿ ಹಲಸಿನ ಹಣ್ಣು ಕೇಳುತ್ತೀರಿ. ‘ಎಷ್ಟಮ್ಮಾ?’ ‘ಇನ್ನೂರು ಕೊಡಿ ಸ್ವಾಮಿ.’ ‘ನೂರೈವತ್ತು ಮಾಡ್ಕೊಳ್ಳಿ.’ ‘ಆಗಲ್ಲ.’ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ಬಂದು ‘ಸರಿ, ಇನ್ನೂರೇ ತಗೊಳ್ಳಿ’ ಎನ್ನುತ್ತೀರಿ. ಅಷ್ಟರಲ್ಲಿ ಇನ್ನೊಬ್ಬರು ಬಂದು ಹಣ್ಣು ಮುಟ್ಟಿ ನೋಡುತ್ತಿದ್ದಾರೆ. ‘ಈಗ ಇನ್ನೂರಿಪ್ಪತ್ತು’ ಎಂದರೆ ಅಮ್ಮನದು ತಪ್ಪಿಲ್ಲ. ನೀವು ‘ನೂರೈವತ್ತು’ ಎಂದ ಕ್ಷಣವೇ ಅವರ ಇನ್ನೂರರ ಪ್ರಸ್ತಾವ ಸತ್ತುಹೋಯಿತು. ನಿಮ್ಮದು ಒಪ್ಪಿಗೆಯಲ್ಲ, ಪ್ರತಿಪ್ರಸ್ತಾವ. ತಿರುಗಿ ಬಂದು ಹೇಳಿದ ಇನ್ನೂರು ನಿಮ್ಮ ಕಡೆಯಿಂದ ಹೊಸ ಪ್ರಸ್ತಾವ. 1840ರ ‘ಹೈಡ್ ವಿರುದ್ಧ ರೆಂಚ್’ ಎಂಬ ಇಂಗ್ಲಿಷ್ ಪ್ರಕರಣದಲ್ಲಿ ಇದೇ ಕತೆ. ಸಾವಿರ ಪೌಂಡಿಗೆ ಬಂದ ಜಮೀನಿಗೆ 950 ಎಂದರು, ಆಗಲ್ಲ ಎಂದ ಮೇಲೆ ಸಾವಿರಕ್ಕೆ ಒಪ್ಪಿದೆ ಎಂದರು, ಜಮೀನು ಸಿಗಲಿಲ್ಲ.

7ನೇ ಸೆಕ್ಷನ್ ಇದನ್ನು ಎರಡು ಪದಗಳಲ್ಲಿ ಹೇಳುತ್ತದೆ: ಒಪ್ಪಿಗೆ ಪೂರ್ಣವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ವ್ಯಾಪಾರಸ್ಥರು ಎಡವುವುದು ಇಲ್ಲೇ. ಕೊಟೇಶನ್‌ನಲ್ಲಿ ‘ಟನ್ನಿಗೆ ₹58,000, ಜಿಎಸ್‌ಟಿ ಪ್ರತ್ಯೇಕ, ಸಾಗಣೆ ನಿಮ್ಮದು’ ಎಂದಿರುತ್ತದೆ. ಕೊಳ್ಳುವವರ ಪರ್ಚೇಸ್ ಆರ್ಡರ್‌ನ ಹಿಂಬದಿಯಲ್ಲಿ ಚಿಕ್ಕ ಅಕ್ಷರದಲ್ಲಿ ‘ಸಾಗಣೆ ಸರಬರಾಜುದಾರರದು, ಹಣ 60 ದಿನಕ್ಕೆ’ ಎಂದು ಅಚ್ಚಾಗಿರುತ್ತದೆ. ಕೊಟೇಶನ್ ಕೊಟ್ಟವರು ಆರ್ಡರ್ ಬಂದ ಖುಷಿಯಲ್ಲಿ ಹಿಂಬದಿ ಓದದೆ ಮಾಲು ಲೋಡ್ ಮಾಡಿಸುತ್ತಾರೆ. ಆ ಆರ್ಡರ್ ಒಪ್ಪಿಗೆಯಾಗಿರಲಿಲ್ಲ, ಹೊಸ ಷರತ್ತುಗಳ ಪ್ರತಿಪ್ರಸ್ತಾವವಾಗಿತ್ತು. ಮಾಲು ಕಳಿಸಿದ್ದೇ ಅದಕ್ಕೆ ನೀಡಿದ ಒಪ್ಪಿಗೆಯಾಗಿ ಕೂರುತ್ತದೆ. ಲಾರಿ ಹೊರಡುವ ಮೊದಲು ಒಂದು ಸಾಲಿನ ಇಮೇಲ್, ‘ನಮ್ಮ ಕೊಟೇಶನ್ನಿನ ಷರತ್ತುಗಳಂತೆ ಮಾತ್ರ ಸರಬರಾಜು, ಒಪ್ಪಿಗೆ ತಿಳಿಸಿದ ಮೇಲೆ ಲೋಡಿಂಗ್’ ಎಂದು ಹೋಗಿ, ಅತ್ತ ಕಡೆಯಿಂದ ಉತ್ತರ ಬಂದಿದ್ದರೆ ಜಗಳವೇ ಹುಟ್ಟುತ್ತಿರಲಿಲ್ಲ.

ಕೇಳಿದ್ದೆಲ್ಲ ಪ್ರತಿಪ್ರಸ್ತಾವವಲ್ಲ ಎಂಬುದೂ ಗೊತ್ತಿರಲಿ. ‘ಹಣವನ್ನು ಎರಡು ಕಂತಿನಲ್ಲಿ ಕೊಟ್ಟರೆ ಆಗುತ್ತಾ ಸರ್?’ ಎಂಬುದು ವಿಚಾರಣೆ, ಮೂಲ ಪ್ರಸ್ತಾವ ಜೀವಂತವಾಗಿರುತ್ತದೆ. 1880ರಲ್ಲಿ ಕಬ್ಬಿಣದ ವ್ಯಾಪಾರದ ಒಂದು ಇಂಗ್ಲಿಷ್ ಪ್ರಕರಣದಲ್ಲಿ ಹೀಗೆ ಕೇಳಿದವರ ಪರವಾಗಿಯೇ ತೀರ್ಪಾಯಿತು. ‘ಎರಡು ಕಂತಾದರೆ ಮಾತ್ರ ತಗೋತೀನಿ’ ಎಂದರೆ ಮೂಲ ಪ್ರಸ್ತಾವ ಮುಗಿಯಿತು. ‘ಆಗುತ್ತಾ’ ಮತ್ತು ‘ಆದರೆ ಮಾತ್ರ’, ಈ ಎರಡರ ನಡುವಿನ ಅಂತರದಲ್ಲಿ ಲಕ್ಷಗಳ ವ್ಯಾಪಾರ ಉಳಿಯುತ್ತದೆ, ಇಲ್ಲವೇ ಹೋಗುತ್ತದೆ.

ಮೌನ ಸಮ್ಮತಿಯ ಲಕ್ಷಣ ಎಂಬ ಮಾತು ಮದುವೆ ಮನೆಗೆ ಸರಿ, ಕರಾರಿಗೆ ಸರಿಯಲ್ಲ. ‘ಮೂರು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದ್ದೀರಿ ಎಂದು ತಿಳಿಯುತ್ತೇವೆ’ ಎಂದು ಬರೆದು ಯಾರನ್ನೂ ಕಟ್ಟಿಹಾಕಲಾಗುವುದಿಲ್ಲ. 1862ರ ಒಂದು ಇಂಗ್ಲಿಷ್ ಪ್ರಕರಣದಲ್ಲಿ ಅಣ್ಣನ ಮಗನ ಕುದುರೆ ಕೊಳ್ಳಬೇಕೆಂದಿದ್ದ ಒಬ್ಬ ಚಿಕ್ಕಪ್ಪ ‘ಇನ್ನೇನೂ ಉತ್ತರ ಬರದಿದ್ದರೆ ಕುದುರೆ ನನ್ನದೇ’ ಎಂದು ಅವನಿಗೆ ಬರೆದಿದ್ದರು. ಅವನು ಮನಸ್ಸಿನಲ್ಲಿ ಒಪ್ಪಿದ್ದ, ತಿಳಿಸಿರಲಿಲ್ಲ. ಕುದುರೆ ಚಿಕ್ಕಪ್ಪನದಾಗಲಿಲ್ಲ.

ಯಾರು ಯಾವಾಗ ಕಟ್ಟುಬೀಳುತ್ತಾರೆ

4 ಮತ್ತು 5ನೇ ಸೆಕ್ಷನ್‌ಗಳು ಓದಲು ತೊಡಕು, ದಿನಾಂಕ ಹಾಕಿ ನೋಡಿದರೆ ಸಲೀಸು. ಧಾರವಾಡದವರೊಬ್ಬರು ತಮ್ಮ ಟ್ರ್ಯಾಕ್ಟರನ್ನು ₹4,80,000ಕ್ಕೆ ಮಾರುವುದಾಗಿ ಮೈಸೂರಿನವರಿಗೆ 1ನೇ ತಾರೀಕು ಪತ್ರ ಹಾಕುತ್ತಾರೆ. ಅದು 4ನೇ ತಾರೀಕು ತಲುಪುತ್ತದೆ. ಓದಿದಾಗಲೇ ಪ್ರಸ್ತಾವ ತಿಳಿಸಿದಂತಾಯಿತು, 1ನೇ ತಾರೀಕಿಗಲ್ಲ. 5ರಂದು ಬೆಳಿಗ್ಗೆ ಮೈಸೂರಿನವರು ‘ಒಪ್ಪಿದೆ’ ಎಂದು ಸರಿಯಾದ ವಿಳಾಸ ಬರೆದು ಸ್ಪೀಡ್ ಪೋಸ್ಟ್ ಮಾಡುತ್ತಾರೆ. ಪತ್ರ ಅವರ ಕೈಬಿಟ್ಟ ಆ ಗಳಿಗೆಯಿಂದ ಧಾರವಾಡದವರು ಕಟ್ಟುಬಿದ್ದರು, ಪತ್ರ ಇನ್ನೂ ಅಂಚೆಯಲ್ಲೇ ಇದ್ದರೂ. ಮೈಸೂರಿನವರು ಕಟ್ಟುಬೀಳುವುದು ಪತ್ರ ಧಾರವಾಡ ತಲುಪಿ ಓದಿದಾಗ, ಅಂದರೆ 8ರಂದು.

ಈಗ ಧಾರವಾಡದವರಿಗೆ 3ರಂದು ಮನಸ್ಸು ಬದಲಾಗಿ ‘ಮಾರುವುದಿಲ್ಲ’ ಎಂದು ಇನ್ನೊಂದು ಪತ್ರ ಹಾಕಿದ್ದರೆ, ಅದು 6ಕ್ಕೆ ತಲುಪಿದ್ದರೆ? ತಡವಾಯಿತು. ಹಿಂತೆಗೆತ ಎದುರಿನವರಿಗೆ ತಿಳಿದಾಗ ಮಾತ್ರ ಜಾರಿಗೆ ಬರುತ್ತದೆ, ಅಷ್ಟರಲ್ಲಿ ಒಪ್ಪಿಗೆಯ ಪತ್ರ ಅಂಚೆ ಸೇರಿತ್ತು. ಅದೇ 4ರ ಸಂಜೆ ಫೋನ್ ಮಾಡಿ ಹೇಳಿಬಿಟ್ಟಿದ್ದರೆ ಬಚಾವು. ಮೈಸೂರಿನವರಿಗೆ ಇನ್ನೂ ಮೂರು ದಿನ ಅವಕಾಶವಿದೆ. 7ರಂದು ಫೋನ್ ಮಾಡಿ ‘ಬರ್ತಿರೋ ಪತ್ರ ರದ್ದು’ ಎಂದರೆ ಅವರು ಬಿಡುಗಡೆ. ಇಂಗ್ಲಿಷ್ ಕಾನೂನಿನಲ್ಲಿ ಒಪ್ಪಿಗೆ ಅಂಚೆ ಸೇರಿದರೆ ಇಬ್ಬರೂ ಕಟ್ಟುಬೀಳುತ್ತಾರೆ, ನಮ್ಮ ಕಾಯ್ದೆ ಒಪ್ಪಿದವರಿಗೆ ಈ ಸಣ್ಣ ಸಂದನ್ನು ಬೇಕೆಂದೇ ಬಿಟ್ಟಿದೆ.

ಫೋನಿನಲ್ಲಾದರೆ ಅಂಚೆಯ ಲೆಕ್ಕ ನಡೆಯುವುದಿಲ್ಲ. ಅಹಮದಾಬಾದಿನ ವ್ಯಾಪಾರಿ ಖಾಮಗಾಂವ್‌ನ ವ್ಯಾಪಾರಿಗೆ ಫೋನ್ ಮಾಡಿ ಹತ್ತಿಕಾಳಿನ ಹಿಂಡಿ ಕೊಳ್ಳುವ ಪ್ರಸ್ತಾವ ಇಟ್ಟರು, ಅತ್ತಲಿಂದ ಒಪ್ಪಿಗೆ ಬಂತು. ಮಾಲು ಬರಲಿಲ್ಲ, ದಾವೆ ಎಲ್ಲಿ ಹೂಡಬೇಕೆಂಬುದೇ ಜಗಳವಾಯಿತು. ಒಪ್ಪಿಗೆ ಕಿವಿಗೆ ಬಿದ್ದ ಜಾಗದಲ್ಲೇ ಕರಾರು ಆಯಿತು, ಅಂದರೆ ಅಹಮದಾಬಾದಿನಲ್ಲಿ, ಎಂದು ಸುಪ್ರೀಂ ಕೋರ್ಟ್ 1965ರ ಕೇಡಿಯಾ ಪ್ರಕರಣದಲ್ಲಿ ಬಹುಮತದಿಂದ ಹೇಳಿತು. ಲೈನ್ ಕತ್ತರಿಸಿ ‘ಒಪ್ಪಿದೆ’ ಎಂಬುದು ಕೇಳಿಸದಿದ್ದರೆ ಕರಾರು ಇಲ್ಲ, ಮತ್ತೆ ಹೇಳಬೇಕು.

ಇಮೇಲ್ ಮೂಲಕ ಆದ ಕರಾರನ್ನು ಅದೊಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎನ್ನುತ್ತದೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್. 2010ರ ಟ್ರೈಮೆಕ್ಸ್ ಪ್ರಕರಣದಲ್ಲಿ ಬಾಕ್ಸೈಟ್ ಅದಿರಿನ ಐದು ಹಡಗು ಸರಕಿನ ವ್ಯವಹಾರ ಬರೀ ಇಮೇಲ್‌ಗಳಲ್ಲಿ ಕುದುರಿತ್ತು. ‘ವಿವರವಾದ ಕರಾರುಪತ್ರಕ್ಕೆ ಸಹಿ ಆಗಿಲ್ಲ’ ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮುಖ್ಯ ಅಂಶಗಳೆಲ್ಲ ಒಪ್ಪಿತವಾದ ಮೇಲೆ ಪತ್ರ ಬರೆದಿಡುವುದು ಔಪಚಾರಿಕ ಕೆಲಸ ಅಷ್ಟೇ. ಇದರಿಂದ ಪಾರಾಗಬೇಕೆಂದರೆ ‘ಲಿಖಿತ ಕರಾರಿಗೆ ಎರಡೂ ಕಡೆಯವರ ಸಹಿ ಬೀಳುವವರೆಗೆ ಯಾರಿಗೂ ಬಾಧ್ಯತೆಯಿಲ್ಲ’ ಎಂಬ ಸಾಲನ್ನು ಮೊದಲ ಇಮೇಲ್‌ನಲ್ಲೇ ಹಾಕಬೇಕು.

ಮೊಬೈಲ್ ಸಂದೇಶದ ಹೆಬ್ಬೆರಳಿನ ಚಿತ್ರದ ಬಗ್ಗೆ ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ನ್ಯಾಯಾಲಯ 2023ರಲ್ಲಿ ಕೊಟ್ಟ ತೀರ್ಪನ್ನು ನಮ್ಮ ರೈತರೂ ವ್ಯಾಪಾರಿಗಳೂ ಓದಬೇಕು. ಧಾನ್ಯ ಕೊಳ್ಳುವವರು ಅಗಸೆ ಬೀಜದ ಕರಾರಿನ ಫೋಟೋ ಕಳಿಸಿ ಖಚಿತಪಡಿಸಿ ಎಂದರು, ರೈತ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ‘ತಲುಪಿತು ಎಂಬರ್ಥದಲ್ಲಿ ಹಾಕಿದ್ದೆ’ ಎಂಬುದು ಅವರ ವಾದ. ಆದರೆ ಹಿಂದಿನ ಕರಾರುಗಳಿಗೆಲ್ಲ ಅವರು ‘ಓಕೆ’ ಎಂಬಂಥ ಒಂದೆರಡು ಅಕ್ಷರದ ಉತ್ತರ ಕೊಟ್ಟು ಮಾಲು ತಲುಪಿಸಿದ್ದರು. ಆ ರೂಢಿಯೇ ಚಿತ್ರಕ್ಕೆ ಒಪ್ಪಿಗೆಯ ಅರ್ಥ ಕೊಟ್ಟಿತು. 82,000 ಕೆನಡಾ ಡಾಲರಿಗೂ ಮಿಕ್ಕಿ ಪರಿಹಾರ ಕೊಡಬೇಕಾಯಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಬರೀ ತಲುಪಿದ್ದನ್ನು ತಿಳಿಸಬೇಕಿದ್ದರೆ ‘ನೋಡಿದೆ, ನಾಳೆ ತಿಳಿಸುವೆ’ ಎಂದು ಟೈಪ್ ಮಾಡಲು ಐದು ಸೆಕೆಂಡು ಸಾಕು.

‘ಈ ದರ 15 ದಿನ ಮಾತ್ರ’

ಕೊಟೇಶನ್‌ಗಳ ಕೊನೆಯ ಈ ಸಾಲನ್ನು ಎರಡೂ ಕಡೆಯವರು ತಪ್ಪಾಗಿ ಓದುತ್ತಾರೆ. ಹದಿನಾರನೇ ದಿನ ಪ್ರಸ್ತಾವ ತಾನಾಗಿ ಬಿದ್ದುಹೋಗುತ್ತದೆ ಎಂಬುದು ನಿಜ, 6ನೇ ಸೆಕ್ಷನ್ ಹಾಗೆನ್ನುತ್ತದೆ. ಆದರೆ ಹದಿನೈದು ದಿನವೂ ತೆರೆದಿಟ್ಟಿರಲೇಬೇಕು ಎಂದೇನಿಲ್ಲ. ಎದುರಿನವರು ಒಪ್ಪುವ ಮೊದಲು ಐದನೇ ದಿನವೇ ತಿಳಿಸಿ ವಾಪಸ್ ತೆಗೆದುಕೊಳ್ಳಬಹುದು. ತೆರೆದಿಡುವ ಆ ಮಾತಿಗೆ ಪ್ರತಿಫಲ ಸಿಕ್ಕಿಲ್ಲ, ಪ್ರತಿಫಲವಿಲ್ಲದ ಮಾತು ಕಟ್ಟುವುದಿಲ್ಲ. ಸೈಟು ನೋಡಿ ಮನೆಯವರನ್ನು ಕೇಳಲು ಹತ್ತು ದಿನ ಬೇಕೆನ್ನುವವರು ಬರೀ ‘ಬೇರೆಯವರಿಗೆ ಕೊಡಬೇಡಿ ಅಣ್ಣಾ’ ಎಂದು ಬಂದರೆ ಸಾಲದು. ಆ ಹತ್ತು ದಿನ ಕಾದಿಡುವುದಕ್ಕೇ ಎಂದು ಒಂದು ಮೊತ್ತ ಕೊಟ್ಟು, ಬೆಲೆ, ಸೈಟಿನ ಸಂಖ್ಯೆ, ಕೊನೆಯ ದಿನ, ಕೊಳ್ಳದಿದ್ದರೆ ಆ ಹಣ ಏನಾಗಬೇಕು ಎಂಬುದನ್ನೆಲ್ಲ ಬರೆಸಿಕೊಳ್ಳಬೇಕು. ‘ಟೋಕನ್’ ಎಂಬ ಒಂದೇ ಪದ ಬರೆದ ಚೀಟಿ ಮುಂದೆ ಯಾವ ಕಡೆ ತಿರುಗುತ್ತದೋ ಹೇಳಲಾಗದು.

ಗಡುವು ಹೇಳದಿದ್ದರೆ ‘ಸಮಂಜಸ ಕಾಲ’ ಕಳೆದ ಮೇಲೆ ಪ್ರಸ್ತಾವ ಬೀಳುತ್ತದೆ. ಟೊಮೆಟೊಗೆ ಅದು ಗಂಟೆಗಳ ಲೆಕ್ಕ, ತೋಟಕ್ಕೆ ವಾರಗಳ ಲೆಕ್ಕ. ಪ್ರಸ್ತಾವ ಮಾಡಿದವರು ತೀರಿಕೊಂಡರೆ, ಆ ಸುದ್ದಿ ಒಪ್ಪುವ ಮೊದಲೇ ಎದುರಿನವರಿಗೆ ಗೊತ್ತಾದರೆ ಆಗಲೂ ಬೀಳುತ್ತದೆ. ಒಪ್ಪಿಗೆ ಹೇಗೆ ಬರಬೇಕೆಂದು ಹೇಳಿದ್ದರೆ ಹಾಗೆಯೇ ಬರಬೇಕು. ‘ಇಮೇಲ್‌ನಲ್ಲಿ ಮಾತ್ರ’ ಎಂದವರಿಗೆ ಫೋನಿನಲ್ಲಿ ಒಪ್ಪಿಗೆ ಬಂದರೆ ಅವರು ಬೇಗನೆ ‘ಇಮೇಲ್ ಮಾಡಿ’ ಎಂದು ಪಟ್ಟುಹಿಡಿಯಬೇಕು. ಸುಮ್ಮನಿದ್ದರೆ ಫೋನಿನ ಒಪ್ಪಿಗೆಯೇ ನಿಲ್ಲುತ್ತದೆ. ಮೇಲೆ ಹೇಳಿದ ಮೌನದ ನಿಯಮ ಇಲ್ಲಿ ತಿರುವುಮುರುವು, ಬಹಳ ಜನರಿಗೆ ಇದು ಗೊತ್ತಿಲ್ಲ.

ಹರಾಜು ಮತ್ತು ಟೆಂಡರ್

ಹರಾಜಿನ ಪ್ರಕಟಣೆ ಕರೆ, ಪ್ರತಿ ಕೂಗು ಪ್ರಸ್ತಾವ, ‘ಮೂರನೇ ಸಲ’ ಎಂದು ಸುತ್ತಿಗೆ ಬಿದ್ದಾಗ ಒಪ್ಪಿಗೆ. ಅಲ್ಲಿಯವರೆಗೆ ಕೂಗಿದವರು ಹಿಂದೆ ಸರಿಯಬಹುದು ಎಂದು 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಹೇಳುತ್ತದೆ. ಎಪಿಎಂಸಿಯ ಟೆಂಡರಿನಲ್ಲಿ ವರ್ತಕರು ಬರೆಯುವ ದರವೂ ಪ್ರಸ್ತಾವವೇ. ಅತಿ ಹೆಚ್ಚು ದರ ಬಂತೆಂದ ಮಾತ್ರಕ್ಕೆ ರೈತ ಮಾರಿದಂತಾಗುವುದಿಲ್ಲ, ಬೆಲೆ ಸರಿ ಕಾಣದಿದ್ದರೆ ಒಪ್ಪದೆ ಮಾಲು ಉಳಿಸಿಕೊಳ್ಳುವ ಹಕ್ಕು ಅವರದು.

ಸರ್ಕಾರಿ ಟೆಂಡರಿನಲ್ಲಿ ಲೆಕ್ಕ ಬಿಗಿ. ಬಿಡ್ ಒಂದು ಪ್ರಸ್ತಾವವಾದ್ದರಿಂದ ಒಪ್ಪಿಗೆಗೆ ಮೊದಲು ವಾಪಸ್ ತೆಗೆದುಕೊಳ್ಳಬಹುದು, ನಿಜ. ಆದರೆ ಸಿಂಧುತ್ವದ ಅವಧಿಯೊಳಗೆ ತೆಗೆದರೆ ಇಎಂಡಿ (ಬಿಡ್ ಜೊತೆ ಕಟ್ಟುವ ಮುಂಗಡ ಠೇವಣಿ) ಮುಟ್ಟುಗೋಲು ಎಂಬ ಷರತ್ತು ಟೆಂಡರ್ ದಾಖಲೆಯಲ್ಲಿರುತ್ತದೆ, ಅದು ಪ್ರತ್ಯೇಕವಾಗಿ ಜಾರಿಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ಇನ್ನು, ‘ಕೆಲಸ ಶುರು ಮಾಡಿ, ಆರ್ಡರ್ ಆಮೇಲೆ ಬರುತ್ತೆ’ ಎಂದು ಅಧಿಕಾರಿ ಬಾಯಲ್ಲಿ ಹೇಳಿದ್ದನ್ನು ನಂಬಿ ಜೆಸಿಬಿ ಇಳಿಸುವ ಗುತ್ತಿಗೆದಾರರಿಗೆ ಸಂವಿಧಾನದ 299ನೇ ವಿಧಿ ಅಡ್ಡ ನಿಲ್ಲುತ್ತದೆ. ಸರ್ಕಾರದ ಕರಾರು ರಾಷ್ಟ್ರಪತಿ ಅಥವಾ ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರವುಳ್ಳವರ ಸಹಿಯೊಂದಿಗೆ ಇರಬೇಕು. ಇಲ್ಲದಿದ್ದರೆ ಪ್ರಸ್ತಾವ, ಒಪ್ಪಿಗೆ ಎರಡೂ ಇದ್ದರೂ ಕರಾರಿಲ್ಲ. ಅಂಥವರಿಗೆ ಉಳಿಯುವುದು ಕರಾರು ಕಾಯ್ದೆಯ 70ನೇ ಸೆಕ್ಷನ್. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಕಾನೂನುಬದ್ಧವಾಗಿ ಮಾಡಿದ ಕೆಲಸದ ಲಾಭವನ್ನು ಸರ್ಕಾರ ಪಡೆದಿದ್ದರೆ ಪರಿಹಾರ ಕೊಡಬೇಕು ಎಂದು 1961ರಲ್ಲಿ ಪಶ್ಚಿಮ ಬಂಗಾಳದ ಗುತ್ತಿಗೆದಾರರೊಬ್ಬರ ಪ್ರಕರಣದಲ್ಲಿ ತೀರ್ಪಾಗಿದೆ. ಅಲ್ಲಿ ಕೇಳಲಾಗುವುದು ಮಾತಾಡಿಕೊಂಡ ದರವನ್ನಲ್ಲ, ಮಾಡಿದ ಕೆಲಸದ ನ್ಯಾಯವಾದ ಬೆಲೆಯನ್ನು. ಅದಕ್ಕೆ ಅಳತೆ ಪುಸ್ತಕದ ನಕಲು, ದಿನಾಂಕವಿರುವ ಫೋಟೋ, ಸಾಮಗ್ರಿಯ ಬಿಲ್ಲು, ಲಾರಿಯ ಡೆಲಿವರಿ ಚೀಟಿ ಎಲ್ಲವನ್ನೂ ಮೊದಲ ದಿನದಿಂದಲೇ ಫೈಲು ಮಾಡಿಟ್ಟಿರಬೇಕು.